ಮಾಳಿ ಹೊದ್ದ ಸೀರೆ

ಒಂದಾನೊಂದು ಕಾಲ ಅಂದ್ರೆ ತೀರಾ ಹಳೇದೂ ಅಲ್ಲ ಕಣೇ ಪುಟ್ಟಿ, ಕುರಿ ಸಾಕೋ ಹಟ್ಟೀಲಿ ಹಾಲಪ್ಪ, ಕೆಂಚಮ್ಮ ಅಂತ ಗಂಡ ಹೆಂಡ್ತಿ ಇದ್ರಂತೆ, ಮಕ್ಕಳಿರಲಿಲ್ಲವಂತೆ. ಒಂದಿನ ಹಾಲಪ್ಪ ಐದು ವರ್ಷದ ತಬ್ಬಲಿ ಹುಡುಗಿ ಮಾಳೀನ ಮನೆಗೆ ಕರ್ಕೊಂಡು ಬಂದ್ನಂತೆ. ಅವಳಪ್ಪ ಕುರಿ ಕದಿಯೋನು, ಸತ್ತುಹೋಗಿದ್ನಂತೆ. ಕಳ್ಳನ ರಕ್ತ ಎಲ್ಲಿ ಹೋಗುತ್ತೆ ಅಂತ ಕೆಂಚಮ್ಮ ಮೂಗು ಮುರಿದ್ಲಂತೆ. ನಾಚಿಕೆಗೇಡಿನ ಮಾತು, ಹೇಳೋಕೆ ನನಗೇ ಬಾಯಿ ಬರಲ್ಲ, ಆದ್ರೂ ಕೇಳು.

ಆಮೇಲೆ ಒಂದಿನ ಬುಟ್ಟೀಲಿದ್ದ ರೊಟ್ಟಿ ಮಾಯ ಆಯ್ತಂತೆ, ಹುಡುಕಿದ್ರೆ ಉಣ್ಣೆ ರಾಶಿ ಒಳಗೆ ಒಣಗಿ ಕಲ್ಲಾಗಿತ್ತಂತೆ. ಎರಡನೇ ಸಲ ಬೆಲ್ಲ ಹೋಯ್ತಂತೆ, ಅದೂ ಅಲ್ಲೇ ಇತ್ತಂತೆ, ಇರುವೆ ಮುತ್ತಿತ್ತಂತೆ. ಯಾಕೇ ಕದ್ದೆ ಅಂತ ಕಿವಿ ಹಿಂಡಿದ್ರೆ, ನಾಳೆಗೆ ದೊಡ್ಡಮ್ಮ ಅಂತಿತ್ತಂತೆ ಮಗು. ನೋಡ್ದಾ ಅಪ್ಪನ ಗುಣ ಅಂದ್ಲಂತೆ ಕೆಂಚಮ್ಮ. ಅದಕ್ಕೆ ಹಾಲಪ್ಪ, ಮೂಗು ಅಪ್ಪನದೇ ಕಣೇ, ಹಠಾನೂ ಅವನದೇ ಇರಬಹುದು, ಆದ್ರೆ ಹುಟ್ಟಿದಾಗಿಂದ ದಿನಾ ಹೊಟ್ಟೆ ತುಂಬಿದ್ರೆ ಹಿಂಗೆ ಬಚ್ಚಿಡ್ತಿತ್ತಾ ಅಂತ ಕೇಳಿದ್ನಂತೆ. ಅವಳು ಕಿವಿಗೇ ಹಾಕ್ಕೊಳ್ಳಲಿಲ್ಲ. ಮಗೂಗೆ ಎಲ್ಲರಿಗಿಂತ ಕೊನೇಲಿ, ಮಿಕ್ಕಿದ್ರೆ ಊಟ. ಹಿಂಗೇ ಒಂದು ವರ್ಷ ಕಳೀತಂತೆ.

ಆಮೇಲೆ ಒಂದು ಕುರಿಯ ಮರಿ ಸತ್ತುಹೋಯ್ತಂತೆ. ಹಟ್ಟೀಲಿ ತಾಯಿ ಇಲ್ಲದ ಮರಿ ಇನ್ನೊಂದಿತ್ತು, ಅದನ್ನ ಹತ್ರ ಬಿಟ್ರೆ ಆ ಕುರಿ ಗುದ್ದಿ ಗುದ್ದಿ ಓಡಿಸ್ತಿತ್ತಂತೆ. ಕೆಂಚಮ್ಮ ಇದರಲ್ಲಿ ಬಲು ಗಟ್ಟಿಗಿತ್ತಿ. ಸತ್ತ ಮರಿಯ ತೊಗಲನ್ನ ತಬ್ಬಲಿ ಮರಿ ಬೆನ್ನಿಗೆ ಹೊದಿಸಿ ಕಟ್ಟಿದ್ಲಂತೆ, ಕುರಿ ಮೂಸಿ ನೋಡಿ ತನ್ನದೇ ವಾಸನೆ ಅಂತ ಹಾಲು ಕುಡಿಯೋಕೆ ಬಿಡ್ತಂತೆ. ಮೂರು ದಿನ ಆದ್ಮೇಲೆ ತೊಗಲು ಬಿಚ್ಚಿದ್ರೂ ಮರೀನ ದೂರ ಮಾಡಲಿಲ್ಲವಂತೆ. ಮಾಳಿ ಪಕ್ಕದಲ್ಲೇ ಕೂತು ಎಲ್ಲಾ ನೋಡ್ತಿತ್ತಂತೆ.

ಮಾರನೇ ದಿನ ಕೆಂಚಮ್ಮ ಬಿಚ್ಚಿಟ್ಟ ಸೀರೆ ಕಾಣಲಿಲ್ಲ. ಮೂರನೇ ಕಳ್ಳತನ! ಇವತ್ತೇ ಇವಳನ್ನ ಎಲ್ಲಿಂದ ತಂದ್ಯೋ ಅಲ್ಲೇ ಬಿಟ್ಟು ಬಾ ಅಂತ ಗಂಡನ ಮೇಲೆ ಕೂಗಾಡ್ತಾ ಕುರಿದೊಡ್ಡಿಗೆ ನುಗ್ಗಿದ್ರೆ, ಮಾಳಿ ಆ ಸೀರೇನ ತಲೆಯಿಂದ ಕಾಲಿನ ತನಕ ಸುತ್ಕೊಂಡು ನಿಂತಿತ್ತಂತೆ. ಹೊಡೀಬೇಡ ದೊಡ್ಡಮ್ಮ, ಮೂರು ದಿನ ಹೊದ್ಕೊಂಡು ವಾಪಸ್ ಕೊಡ್ತೀನಿ, ಈಗ ನನ್ನ ಮೂಸಿ ನೋಡು ಅಂತಂತೆ.

ಎತ್ತಿದ ಕೈ ಹಂಗೇ ನಿಂತುಹೋಯ್ತಂತೆ. ಕೆಂಚಮ್ಮ ಅಲ್ಲೇ ಗೊಬ್ಬರದ ಮೇಲೇ ಕುಸಿದು ಕೂತು, ಮಗೂನ ಎಳ್ಕೊಂಡು, ನನ್ನ ಬುದ್ಧಿಗೆ ಬೆಂಕಿ ಬೀಳ ಅಂತ ಬಿಕ್ಕಿ ಬಿಕ್ಕಿ ಅತ್ಲಂತೆ.

ಅವತ್ತಿಂದ ಮೊದಲ ತುತ್ತು ಮಾಳಿಗೇ ಅಂತೆ. ಆದ್ರೂ ಬಚ್ಚಿಡೋ ಚಾಳಿ ಹೋಗೋಕೆ ಮೂರು ವರ್ಷ ಹಿಡೀತಂತೆ, ಕೆಂಚಮ್ಮ ಒಂದು ದಿನಾನೂ ಬಯ್ಯಲಿಲ್ಲವಂತೆ. ಮಾಳಿ ಬೆಳೆದು, ಮದುವೆಯಾಗಿ, ಅದೇ ಹಟ್ಟೀಲಿ ಸುಖವಾಗಿದ್ಲಂತೆ. ಕೆಂಚಮ್ಮ ಮಾತ್ರ ಆ ಕುರಿ ಎದುರಿಗೆ ಬಂದಾಗೆಲ್ಲ ತಲೆ ತಗ್ಗಿಸ್ತಿದ್ಲಂತೆ. ನಿನಗೆ ಮೂರು ದಿನ ಸಾಕಾಯ್ತಲ್ಲೇ, ನನಗೆ ಒಂದು ವರ್ಷ ಬೇಕಾಯ್ತು ಅಂತಿದ್ಲಂತೆ.

ಕತೆ ಇಷ್ಟೇ ಕಣಮ್ಮ, ಕಣ್ಣು ಮುಚ್ಚು.