ಗೊರವಂಕದ ಕಥೆಗೆ ಗೀಜಗದ ಹೂಂ

ಬಾವಿಯ ಮೇಲೆ ಬಾಗಿದ ಜಾಲಿಯ ಕೊಂಬೆಗೆ ಗೀಜಗವೊಂದರ ಗೂಡು ತೂಗುತ್ತಿತ್ತು. ಬಾಗಿಲು ಯಾರಿಗೂ ಕಾಣದ ಹಾಗಿತ್ತು, ಒಳಗೆ ಮೂರು ಮೊಟ್ಟೆಗಳಿದ್ದವು. ಕಾವಿಗೆ ಕೂತು ಬೇಸತ್ತ ತಾಯಿಯ ಹತ್ತಿರ ಊರೂರು ಸುತ್ತುವ ಗೊರವಂಕ ಬಂತು.

"ಗೀಜಗಕ್ಕ, ಪುಕ್ಕಟೆ ಕಥೆ ಹೇಳ್ತೀನಿ. ನೀನು ಹೂಂ ಅಂತಿದ್ದರೆ ಸಾಕು. ಹೂಂ ನಿಂತರೆ ಕಥೆಯೂ ನಿಂತ ಹಾಗೆ."

"ಹೂಂ."

"ಕೋಳಿಹುಂಜದ ಹಿಂದೆ ಹೆಣ್ಣುನವಿಲು ಓಡಿಹೋಯ್ತಂತೆ."

"ಹೂಂ!"

"ನಿನ್ನ ಬಾಗಿಲು ಎಲ್ಲಿದೆ ನೋಡಿಕೊಳ್ಳಲೇ?"

"ಹೂಂ, ಆಮೇಲೆ?"

"ನೀನು ಮೇವಿಗೆ ಹೋಗುವ ಹೊತ್ತು ಗುರುತಿಟ್ಟುಕೊಳ್ಳಲೇ? ಬೇಕಾದವರಿಗೆ ಹೇಳಲೇ?"

"ಹೂಂ ಮಾರಾಯ, ನವಿಲಿನ ಗತಿ ಏನಾಯ್ತು ಹೇಳು!"

ಕಥೆ ಮುಗಿಸದೆಯೇ ಗೊರವಂಕ ಹಾರಿಹೋಯಿತು.

ಮರುದಿನ ಗೀಜಗ ಮೇವು ಮುಗಿಸಿ ಬಂದರೆ, ಹೊಟ್ಟೆ ಉಬ್ಬಿದ ಕೇರೆಹಾವು ಕೊಂಬೆ ಇಳಿಯುತ್ತಿತ್ತು.

"ದ್ರೋಹಿ! ನನ್ನ ಮೊಟ್ಟೆ!" ಎಂದು ಗೀಜಗ ಪಕ್ಕದ ಕೊಂಬೆಯಲ್ಲಿ ಕೂತಿದ್ದ ಗೊರವಂಕದ ಮೇಲೆ ಎರಗಿತು.

"ಕೇಳಿಯೇ ಮಾಡಿದೆನಲ್ಲಕ್ಕ. ಹೂಂ ಅಂದವಳು ನೀನೇ. ನನ್ನ ಪೊಟರೆಗೆ ಬರೋದಿಲ್ಲ ಅಂತ ಕೇರೆ ಮಾತು ಕೊಟ್ಟಿದೆ, ನನಗೂ ಮರಿಗಳಿವೆ."

ಗೀಜಗ ಅತ್ತು ಅತ್ತು ಸಾಕಾಗಿ ಬೇರೆ ಗೂಡಿಗೆ ಹೋಯಿತು, ಮತ್ತೆ ಮೊಟ್ಟೆಯಿಟ್ಟಿತು. ಗೊರವಂಕ ಎದುರಿಗೇ ಬಂದು ಕೂತಿತು.

"ಅಕ್ಕ, ಆ ನವಿಲಿನ ಕಥೆ ಅರ್ಧಕ್ಕೇ ನಿಂತಿತ್ತಲ್ಲ?"

ಗೀಜಗ ಮೊಟ್ಟೆಗಳನ್ನು ರೆಕ್ಕೆಯಲ್ಲಿ ಮುಚ್ಚಿಕೊಂಡಿತು. ಆಮೇಲೆ, "ಹೂಂ" ಅಂದಿತು.