ಮುದ್ರೆ ಬೀಳದ ಮರ

ಚನ್ನವೀರನೆಂಬ ಶಿಷ್ಯ ತನ್ನ ತಂದೆಯ ವರ್ಷದ ಪುಣ್ಯಸ್ಮರಣೆ ಮುಗಿಸಿಕೊಂಡು ಮಠಕ್ಕೆ ಮರಳಿದ. ಹಿರಿಯ ಗುರುಗಳು ಪಡಸಾಲೆಯಲ್ಲಿ ಕೂತು ಚವಳಿಕಾಯಿ ಸೋಸುತ್ತಿದ್ದರು. ಅವನು ಕೈಕಾಲನ್ನೂ ತೊಳೆಯದೆ ಎದುರಿಗೆ ಕೂತು ಕೇಳಿದ:

“ಅಜ್ಜಾರ, ನಮ್ಮಪ್ಪ ನಮ್ಮಣ್ಣಗ ಹೊಲಿಗಿ ಕೆಲಸಾ ಕಲಿಸಿದ್ರು. ಬೈದ್ರು, ಹೊಡದ್ರು, ಕೈ ಹಿಡದು ಕತ್ತರಿ ಆಡಿಸಿದ್ರು. ಈಗ ಅಣ್ಣ ಮಷೀನಿನ ಮುಂದ ಕೂತ್ರ ಅಪ್ಪನ ಕೂತಂಗ ಕಾಣತಾನ. ನನಗ ಮಾತ್ರ ಏನೂ ಹೇಳಲಿಲ್ಲ. ಮಠಕ್ಕ ಹೋಗತೇನಿ ಅಂದ ದಿನಾ ಕತ್ತರಿ ಇಟ್ಟು ಅಂಗಡಿ ಬಿಟ್ಟು ಎದ್ದ್ರು, ನನ್ನ ಟ್ರಂಕ್ ಹೊತಗೊಂಡು ಬಸ್ ಸ್ಟ್ಯಾಂಡಿನ ತನಕಾ ಬಂದ್ರು, ಇಟ್ಟು ಹೊಳ್ಳಿ ಹ್ವಾದ್ರು. ಅವರದು ಅನ್ನೂದು ನನ್ನ ಹತ್ರ ಒಂದೂ ಇಲ್ಲ. ಏನು ಹಿಡಕೊಂಡು ಅವರನ್ನ ನೆನಸಲಿ?”

ಗುರುಗಳು ಒಂದು ಹಿಡಿ ಕಾಯಿ ಅವನ ಮುಂದೆ ಸರಿಸಿದರು. “ಮೊದಲ ಇದನ್ನ ಹಿಡಕೋ. ನಾರು ತಗಿಯೂದ ಮರೀಬ್ಯಾಡ, ನಿನ್ನೆ ಪಲ್ಲೆ ಹಲ್ಲಾಗ ಸಿಕ್ಕೊಂಡಿತ್ತು,” ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಸಾಗವಾನಿ ಕಾಡಿನಲ್ಲಿ ಒಬ್ಬ ಫಾರೆಸ್ಟರ್ ಇದ್ದ. ಖಾಕಿ ತೊಟ್ಟ ಸರಕಾರಿ ಮನುಷ್ಯನೇ, ಆದರೂ ಅವನನ್ನು ಕಂಡು ಯಾರೂ ಮರೆಗೆ ಸರಿಯುತ್ತಿರಲಿಲ್ಲ. ಆ ಕಾಡಿನಲ್ಲಿ ಎಮ್ಮೆ ಸಾಕುವ ಗೌಳಿಗರ ಏಳು ದೊಡ್ಡಿಗಳಿದ್ದವು. ಏಳರಲ್ಲೂ ಅವನ ಪಾಲಿನ ಮಜ್ಜಿಗೆ ಕಾದಿರುತ್ತಿತ್ತು. ಮಜ್ಜಿಗೆ ಕುಡಿಯಲು ಎರಡು ನಿಮಿಷ, ಮಾತಿಗೆ ಒಂದು ತಾಸು. ಯಾರ ಎಮ್ಮೆ ಈದಿದೆ, ಯಾರ ಮಗಳಿಗೆ ಗಂಡು ಬಂದಿದೆ, ಯಾವ ಮುದುಕನ ಕೆಮ್ಮು ಇನ್ನೂ ನಿಂತಿಲ್ಲ, ಎಲ್ಲ ಅವನಿಗೆ ಗೊತ್ತಿತ್ತು. ಮೇಲಧಿಕಾರಿ ಒಮ್ಮೆ ಸಿಟ್ಟಾಗಿ, “ನೀವು ಕಾಡು ಕಾಯ್ತೀರೋ, ಹರಟೆ ಹೊಡೀತೀರೋ?” ಎಂದು ಕೇಳಿದ. “ಎರಡೂ ಒಂದ ದಾರ್ಯಾಗ ಬರತಾವ್ರೀ ಸಾಹೇಬ್ರ,” ಎಂದ ಫಾರೆಸ್ಟರ್.

ಎಷ್ಟು ಹರಟಿದರೂ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಿದ್ದ. ತಿರುವಿನಲ್ಲಿ ಸೈಕಲ್ಲಿನ ಗಂಟೆ ಮೂರು ಸಲ ಬಾರಿಸುತ್ತಿದ್ದ. ಅದು ಕೇಳಿದ ಮೇಲೆ ಹೆಂಡತಿ ರೊಟ್ಟಿ ಬಡಿಯಲು ಕೂಡುತ್ತಿದ್ದಳು. ಅವನಿಗೆ ಮೂವತ್ತು ವರ್ಷ ಆರಿದ ರೊಟ್ಟಿ ಬಡಿಸಲಿಲ್ಲ ಎಂಬುದು ಅವಳ ಹೆಮ್ಮೆ. ಮೂವತ್ತು ವರ್ಷ ಅವಳನ್ನು ಕಾಯಿಸಲಿಲ್ಲ ಎಂಬುದು ಅವನ ಹೆಮ್ಮೆ. ಮಕ್ಕಳಿಗೆ ಮುತ್ತುಗದ ಎಲೆಯಲ್ಲಿ ಕವಳಿ ಹಣ್ಣು ತರುತ್ತಿದ್ದ. ಅದು ಸಿಗದ ದಿನ ನೆಲ್ಲಿಕಾಯಿ, ಏನೂ ಸಿಗದ ದಿನ ಒಂದು ನವಿಲುಗರಿ. ಊಟಕ್ಕೆ ಕೂತಾಗ ಮನೆಯವರೆಲ್ಲ ಆ ದಿನದ ಒಂದೊಂದು ಸಂಗತಿ ಹೇಳಲೇಬೇಕು. ಕೊನೆಗೆ ಅವನು ಹೇಳುತ್ತಿದ್ದ, “ನಾ ಇವತ್ತ ಮೂವತ್ತ ಗಿಡಾ ಮಾತಾಡಿಸಿ ಬಂದೆ.” ಮಕ್ಕಳು ನಗುತ್ತಿದ್ದರು. ಅಂಥ ಮನೆಗಳು ಬಹಳ ಇರುವುದಿಲ್ಲ, ಇದ್ದಷ್ಟು ದಿನ ಒಳಗಿನವರಿಗೆ ಅದು ಗೊತ್ತೂ ಆಗುವುದಿಲ್ಲ.

ಅವನ ಹೆಗಲಚೀಲದಲ್ಲಿ ಒಂದು ಮುದ್ರೆ ಸುತ್ತಿಗೆ ಇರುತ್ತಿತ್ತು. ಅದರ ಮುಖದ ಮೇಲೆ ಉಬ್ಬು ಅಕ್ಷರ ಮತ್ತು ಒಂದು ನಂಬರು. ಮರದ ತೊಗಟೆ ಕೆತ್ತಿ ಹೊಡೆದರೆ ಅಕ್ಷರ ಒಳಗೆ ಕೂಡುತ್ತಿತ್ತು. ಯಾವ ಮರಕ್ಕೆ, ಏತಕ್ಕೆ ಎಂಬುದನ್ನು ಅವನು ಮನೆಯಲ್ಲಿ ಎಂದೂ ಹೇಳಲಿಲ್ಲ. ಅಪ್ಪ ತನಗೆ ಮೆಚ್ಚಿಗೆಯಾದ ಮರಕ್ಕೆ ಗುರುತು ಹಾಕುತ್ತಾನೆ ಎಂದು ಮಕ್ಕಳು ತಿಳಿದಿದ್ದರು. ಹೆಂಡತಿಯೂ ಹಾಗೆಯೇ ತಿಳಿದಿದ್ದಳು.

ಮಗನಿಗೆ ಆರು ವರ್ಷವಿದ್ದಾಗ ಒಂದು ಸಂಜೆ ಚೀಲದಿಂದ ಸುತ್ತಿಗೆ ತೆಗೆದು ಅಪ್ಪನ ಕೈಗೆ ಕೊಟ್ಟ. ತನ್ನ ಮುಂಗೈ ಚಾಚಿ, “ನನಗೂ ಒಂದು ಹೊಡಿ ಅಪ್ಪಾ. ನಾನೂ ನಿನ್ನಾಂವ ಅಂತ ಗೊತ್ತಾಗಲಿ,” ಎಂದ.

ಫಾರೆಸ್ಟರನ ಮುಖ ಇಳಿಯಿತು. “ಇನ್ನೊಮ್ಮೆ ಆ ಮಾತ ಆಡಬ್ಯಾಡ,” ಎಂದು ಗದರಿ ಸುತ್ತಿಗೆಯನ್ನು ಅಟ್ಟದ ಮೇಲೆಸೆದ. ಎಂದೂ ದನಿ ಎತ್ತದ ಅಪ್ಪ ಅಂದು ಎತ್ತಿದ್ದ. ಹುಡುಗ ಉಣ್ಣದೆ ಮಲಗಿದ. ಅಪ್ಪನೂ ಉಣ್ಣಲಿಲ್ಲ. ಹುಡುಗ ಬೆಳೆದು ದೊಡ್ಡವನಾದ, ಬೇರೆ ಊರಲ್ಲಿ ಬಸ್ ಕಂಡಕ್ಟರ್ ಆದ, ಆದರೂ ಆ ಸಂಜೆ ಅವನ ಎದೆಯಲ್ಲಿ ಉಳಿದೇ ಹೋಯಿತು. ಕಾಡಿನ ಮರಗಳಿಗೆಲ್ಲ ಮುದ್ರೆ ಹಾಕಿದ ಅಪ್ಪ ತನ್ನನ್ನು ಮಾತ್ರ ಬಿಟ್ಟ ಎಂದು ಅವನಿಗೆ ನೋವು. ನಿನ್ನ ಹಾಗೆ ಅವನೂ ಜಾಣನೇ, ಚನ್ನವೀರಾ.

ಫಾರೆಸ್ಟರ್ ನಿವೃತ್ತನಾದ. ಸುತ್ತಿಗೆ ಇಲಾಖೆಗೆ ಹೋಯಿತು. ಕೆಲವು ವರ್ಷಕ್ಕೆ ಅವನೂ ಹೋದ. ಏಳು ದೊಡ್ಡಿಯವರೂ ಬಂದು, ಹೆಗಲು ಕೊಡಲು ಸರದಿ ನಿಂತರು. ಖಾಕಿ ಅಂಗಿ ಹರಿದು ಅರಿವೆಯ ಚೂರಾಯಿತು, ಸೈಕಲ್ಲಿಗೆ ತುಕ್ಕು ಹಿಡಿಯಿತು. ವರ್ಷ ತುಂಬಿದ ದಿನ ತಾಯಿ ಮಗನನ್ನು ಹತ್ತಿರ ಕೂರಿಸಿಕೊಂಡಳು. ಅವಳ ಕಣ್ಣು ಮಂಜಾಗಿದ್ದವು.

“ನಿಮ್ಮಪ್ಪನ ಮುದ್ರಿ ಇದ್ದದ್ದು ಒಂದ ಗಿಡಾ ಹುಡುಕಪಾ,” ಎಂದಳು. “ಕಣ್ಣಿಗೆ ಕಾಣದಿದ್ರೂ ಕೈಗೆ ತಿಳೀತೇತಿ. ಒಮ್ಮೆ ಮುಟ್ಟಿ ಬರತೇನಿ.”

ಮಗ ಮೂರು ದಿನ ರಜೆ ಹಾಕಿ ಕಾಡು ಸುತ್ತಿದ. ಅಪ್ಪನ ನಂಬರು ಅವನಿಗೆ ಬೇಕಾದಷ್ಟು ಕಡೆ ಸಿಕ್ಕಿತು. ಆದರೆ ಸಿಕ್ಕಿದ್ದೆಲ್ಲ ಮರದ ಬೊಡ್ಡೆಗಳ ಮೇಲೆ, ನೆಲದಿಂದ ಒಂದು ಗೇಣಿನೊಳಗೆ. ಮೇಲೆ ಮರವೇ ಇಲ್ಲ. ನಿಂತ ಮರಗಳನ್ನು ಸುತ್ತಿ ಸುತ್ತಿ ನೋಡಿದ, ಒಂದರಲ್ಲೂ ಮುದ್ರೆ ಇಲ್ಲ. ಮೂರನೆಯ ದಿನ ಒಂದು ಬೊಡ್ಡೆಯ ಮೇಲೆ ಕೂತುಬಿಟ್ಟ. ಮೂವತ್ತು ವರ್ಷ ಈ ಕಾಡಿನಲ್ಲಿ ಸವೆದ ಮನುಷ್ಯನದು ಉಳಿದದ್ದು ಇಷ್ಟೇ ಎಂದು ಅವನಿಗೆ ಅಳು ಬಂತು. 

ಎಮ್ಮೆ ಹೊಡೆದುಕೊಂಡು ಬಂದ ಒಬ್ಬ ಮುದುಕ ಗೌಳಿಗ ಅವನನ್ನು ಕಂಡು ನಿಂತ. ಯಾರು, ಏನು ಎಂದು ಕೇಳಿದ. ಎಲ್ಲ ಕೇಳಿಸಿಕೊಂಡು ಅವನ ಪಕ್ಕದಲ್ಲೇ ಕೂತ.

“ತಮ್ಮಾ, ಮುದ್ರಿ ಹೊಡಿಯೂದ ಕಡಿಯೂ ಗಿಡಕ್ಕ. ಮ್ಯಾಲೊಂದು, ಬುಡಕ್ಕೊಂದು. ಮ್ಯಾಲಿಂದು ಲಾರಿ ಹತ್ತತೇತಿ, ಬುಡದ್ದು ಇಲ್ಲೇ ಉಳೀತೇತಿ. ಇದನ್ನ ನಿಮ್ಮಪ್ಪ ಹೇಳಲಿಲ್ಲೇನು?”

“ಇಲ್ಲ,” ಎಂದ ಮಗ.

“ಯಾವ ಬಾಯಿಲೆ ಹೇಳ್ಯಾನು? ಸುತ್ತಿಗಿ ಹಿಡದ ದಿನಾ ನಮ್ಮ ದೊಡ್ಡ್ಯಾಗ ಮಜ್ಜಿಗೀನೂ ಮುಟ್ಟತಿದ್ದಿಲ್ಲ ಅವ.”

ಮುದುಕ ಎದ್ದು ಅವನ ಕೈ ಹಿಡಿದು ಕರೆದುಕೊಂಡು ಹೋದ. ಒಂದು ಮತ್ತಿ ಮರದ ಮುಂದೆ ನಿಲ್ಲಿಸಿದ. “ಇದರ ನೆಳ್ಳಾಗ ನಮ್ಮ ಎಮ್ಮಿ ಮಲಗತಾವು ಅಂತ ನಮ್ಮವ್ವ ಒಮ್ಮೆ ಮಾತಿಗೆ ಅಂದಿದ್ಲು. ಸುತ್ತಿಗಿ ಎತ್ತಿದ್ದ ನಿಮ್ಮಪ್ಪ, ಅದು ನೆನಪಾಗಿ ಇಳಿಸಿದ.” ಆಮೇಲೆ ಒಂದು ಹೊನ್ನೆ ಮರ. “ಇದಕ್ಕ ನನ್ನ ಮಗಳ ತೊಟ್ಟಲಾ ಕಟ್ಟಿದ್ವಿ. ಇದನ್ನೂ ಬಿಟ್ಟ. ಆಚೀದರಾಗ ವರ್ಷಾ ಜೇನು ಕೂಡತಾವು, ಅದನ್ನೂ ಬಿಟ್ಟ. ಹೇಳಿದಷ್ಟು ಗಿಡಾ ಗುರತು ಮಾಡಲಿಲ್ಲಂದ್ರ ಸರಕಾರ ಕೇಳತೇತಿ. ಅದಕ್ಕ ಬಾಗಿದ್ದು, ಪೊಳ್ಳಾಗಿದ್ದು ಹುಡಿಕ್ಕೋತ ಎರಡು ಗುಡ್ಡಾ ಹೆಚ್ಚಿಗಿ ತಿರಗತಿದ್ದ. ನಿಂತಾವಲ್ಲಾ, ಇವನ್ನೆಲ್ಲಾ ಅವ ಮಾತಾಡಿಸಿ ಬಿಟ್ಟು ಹೋಗ್ಯಾನ.”

ಆ ಹರಟೆಯೆಲ್ಲ ಎಲ್ಲಿಗೆ ಹೋಗಿ ಸೇರುತ್ತಿತ್ತೆಂದು ಮಗನಿಗೆ ಅಂದು ತಿಳಿಯಿತು.

ಮರುದಿನ ತಾಯಿಯನ್ನು ಎತ್ತಿನ ಗಾಡಿಯಲ್ಲಿ ಕರೆತಂದು ಆ ಮತ್ತಿ ಮರದ ಬುಡದಲ್ಲಿ ನಿಲ್ಲಿಸಿದ. ಅವಳು ಎರಡೂ ಕೈಯಿಂದ ಕಾಂಡವನ್ನು ಸುತ್ತಲೂ ಸವರಿದಳು. ಮತ್ತೊಮ್ಮೆ ಸವರಿದಳು.

“ಅಕ್ಷರ ಎಲ್ಲೂ ಕೈಗೆ ಹತ್ತವಲ್ದಲ್ಲೋ,” ಎಂದಳು.

“ಇಲ್ಲ ಯವ್ವಾ. ಅದಕ್ಕ ಇದು ಅಪ್ಪಂದು,” ಎಂದ ಮಗ. ಮುದುಕ ಹೇಳಿದ್ದನ್ನೆಲ್ಲ ಹೇಳಿದ.

ಅವಳು ತೊಗಟೆಗೆ ಕೆನ್ನೆ ಇಟ್ಟುಕೊಂಡು ನಿಂತಿದ್ದಳು. ಆಮೇಲೆ ಮುಂದಿನ ಮರ ಮುಟ್ಟಿದಳು, ಅದರ ಮುಂದಿನದನ್ನೂ ಮುಟ್ಟಿದಳು. ಮಗ ಕೈ ಹಿಡಿದು ನಡೆಸುತ್ತ ಹೋದ. ಎಷ್ಟು ಮರವಾಯಿತೋ ಇಬ್ಬರಿಗೂ ನೆನಪಿಲ್ಲ. ಬಿಸಿಲು ಇಳಿದಾಗ ಅವಳು ಸೆರಗಿನಿಂದ ಕೈ ಒರೆಸಿಕೊಂಡು, “ನಡಿ, ರೊಟ್ಟಿ ಬಡಿಯೂ ಹೊತ್ತಾತು,” ಎಂದಳು. ಗಾಡಿಯಲ್ಲಿ ಕೂತ ಮಗ, ಏನೂ ಗುರುತಿಲ್ಲದ ತನ್ನ ಮುಂಗೈಯನ್ನು ದಾರಿಯುದ್ದಕ್ಕೂ ನೋಡಿಕೊಳ್ಳುತ್ತಿದ್ದ.

ಗುರುಗಳು ಕತೆ ನಿಲ್ಲಿಸಿ ಸೋಸಿದ ಕಾಯಿಯನ್ನು ಬುಟ್ಟಿಗೆ ತುಂಬಿದರು. ಚನ್ನವೀರನಿಗೆ ಸಮಾಧಾನವಾದಂತೆ ಕಾಣಲಿಲ್ಲ. ತಲೆ ತಗ್ಗಿಸಿ ಹೇಳಿದ:

“ಅವಗ ಕಾಡಾದ್ರೂ ಇತ್ತು, ಅಜ್ಜಾರ. ನಮ್ಮಪ್ಪನ ಹತ್ರ ಏನಿತ್ತು? ಹಗಲೆಲ್ಲಾ ಕೈಯಾಗ ಒಂದು ಕತ್ತರಿ.”

“ಹೌದಪಾ,” ಎಂದರು ಗುರುಗಳು, “ನಿನ್ನ ಟ್ರಂಕ್ ಎತ್ತಾಕ ಅವತ್ತ ಅದನ್ನ ಕೆಳಗಿಟ್ಟು ಬಂದಿದ್ದ.”