ಒಂಬತ್ತು ಬೇರಿಂಗಿನ ರೀಲು

ಗಾಳದ ದಾರ ಸುತ್ತುವ ರೀಲಿನೊಳಗೆ ಬೇರಿಂಗ್ ಹೆಚ್ಚಿದ್ದಷ್ಟೂ ದಾರ ಸಿಕ್ಕಾಗುವುದು ಕಡಿಮೆ ಎಂದು ಆಗ ಗಾಳ ಹಾಕುವವರೆಲ್ಲ ನಂಬಿದ್ದರು. ಅಂಗಡಿಯವರು ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದರು.

ಹುಲುಗಪ್ಪ ಕಾಲುವೆಗೆ ನೀರು ಬಿಡುವ ಕೆಲಸದಿಂದ ನಿವೃತ್ತನಾಗಿ, ದಿನವೂ ಹೊಳೆದಂಡೆಯಲ್ಲಿ ಗಾಳ ಹಾಕುತ್ತಿದ್ದ. ಗಡ್ಡವಿತ್ತು, ಮಾತು ಕಡಿಮೆ. ಗುರುವೆನಿಸಿಕೊಳ್ಳಲು ಅಷ್ಟು ಸಾಕಾಯಿತು.

ಆ ಭಾನುವಾರ ಶಿಷ್ಯ ಚಿದಂಬರ ಬೆಳಿಗ್ಗೆ ಒಂಬತ್ತಕ್ಕೇ ಬಂದ. ಚೀಲದಲ್ಲಿ ಎರಡು ರೀಲು. ಒಂದನ್ನು ಸಂಜೆಯೊಳಗೆ ಅಂಗಡಿಗೆ ಹಿಂದಿರುಗಿಸಬೇಕು.

“ಗುರುಗಳೇ, ಇದರಲ್ಲಿ ಮೂರು ಬೇರಿಂಗ್, ಅಗ್ಗ. ಅದರಲ್ಲಿ ಒಂಬತ್ತು, ನಾಲ್ಕು ಪಟ್ಟು ಬೆಲೆ. ಯಾವುದು ಇಟ್ಟುಕೊಳ್ಳಲಿ?”

“ಎಷ್ಟು ದಿನಕ್ಕೊಮ್ಮೆ ಮೀನು ಹಿಡೀತೀಯ?”

“ತಿಂಗಳಿಗೆ ಒಂದು ಭಾನುವಾರ. ಮಗಳು ಬಂದಾಗ.”

ಮಗಳು ಮೇದಿನಿ ತಾಯಿಯ ಜೊತೆ ಬೇರೆ ಊರಿನಲ್ಲಿದ್ದಳು. ಹೋದ ತಿಂಗಳು ಹಳೆಯ ರೀಲಿನ ಸಿಕ್ಕು ಬಿಡಿಸುವುದರಲ್ಲೇ ಎರಡು ಗಂಟೆ ಕಳೆದಿತ್ತು. ಅವಳು ಬಂಡೆಯ ಮೇಲೆ ಕೂತು, ಸೋದರಮಾವನಿಗೆ ಫೋನ್ ಮಾಡಿ ಕರೆಸಿಕೊಂಡು, ಊಟಕ್ಕೆ ಮೊದಲೇ ಹೊರಟುಹೋಗಿದ್ದಳು. ಈ ಸಲವೂ ಹಾಗೇ ಆದರೆ ಮತ್ತೆ ಕಳಿಸು ಅನ್ನಬೇಡಿ ಎಂದು ಅವಳ ತಾಯಿ ನಿನ್ನೆ ಹೇಳಿದ್ದಳು.

“ಹತ್ತು ಗಂಟೆ ಬಸ್ಸಿಗೆ ಬರ್ತಾಳೆ,” ಎಂದ ಚಿದಂಬರ. ಗಡಿಯಾರ ನೋಡಿದ. ಮತ್ತೆ ನೋಡಿದ.

“ಒಂಬತ್ತು ಬೇರಿಂಗಿನದನ್ನ ಕೋಲಿಗೆ ಹಾಕಿ ಎಸೆ,” ಎಂದ ಗುರು.

ಚಿದಂಬರ ಎಸೆದ. ದಾರ ಸುರುಳಿಸುರುಳಿಯಾಗಿ ಚಿಮ್ಮಿ, ಕೋಲಿನ ಮೊದಲ ಉಂಗುರದಲ್ಲೇ ಶಾವಿಗೆ ಮುದ್ದೆಯಾಗಿ ನಿಂತಿತು.

“ಒಂಬತ್ತಿದ್ದೂ ಹೀಗಾಯ್ತಲ್ಲ,” ಎಂದ.

“ದಾರ ತುಂಬಿಸಿದ್ದು ಯಾರು?”

“ಅಂಗಡಿಯವನು. ಅಂಚಿನ ತನಕ. ಪ್ರೀತಿಯಿಂದ.”

ಗುರು ಅಷ್ಟೇ ತುಂಬಿದ್ದ ಮೂರು ಬೇರಿಂಗಿನ ರೀಲು ತೆಗೆದುಕೊಂಡು ದಾರವನ್ನು ಮಾರುಮಾರು ಎಳೆದು ಹೊರಹಾಕಿದ. ಅಂಚಿನ ಕೆಳಗೆ ಉಗುರಿನಷ್ಟು ಜಾಗ ಕಂಡಾಗ ಕತ್ತರಿಸಿದ.

“ಎಸೆದ ಮೇಲೆ ರೀಲಿನ ಮೇಲೆ ದಾರ ಹಿಡಿಯೋ ಈ ತಂತಿ ಕೈಯಿಂದ ಮುಚ್ಚು. ದಾರ ಒಮ್ಮೆ ಜಗ್ಗು. ಆಮೇಲೆ ಸುತ್ತು.”

“ಅಷ್ಟೇನಾ?”

“ಅಷ್ಟೇ.”

ಚಿದಂಬರನಿಗೆ ಸಮಾಧಾನವಾಗಲಿಲ್ಲ. ಇನ್ನೇನೋ ಕೇಳುವಷ್ಟರಲ್ಲಿ ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯಿತು.

ಮೇದಿನಿ ಇಳಿದು ಬಂದು ಮುದ್ದೆಯಾದ ದಾರವನ್ನೇ ನೋಡಿದಳು. “ಅಪ್ಪಾ, ಇವತ್ತೂ ಗಂಟು ಬಿಡಿಸ್ತಾ ಕೂರೋದಾ?”

ಗುರು ತನ್ನ ಕೋಲನ್ನೇ ಅವಳ ಕೈಗೆ ಕೊಟ್ಟ. ಅದರ ರೀಲಿಗೆ ಬಣ್ಣ ಹೋಗಿತ್ತು. ಹಿಡಿಕೆಗೆ ಸೈಕಲ್ ಟ್ಯೂಬು ಸುತ್ತಿತ್ತು.

“ತಾತಾ, ಇದು ಮುರಿದಿದೆ.”

“ನನಗೂ ಹಲ್ಲಿಲ್ಲ. ಎಸೆ.”

ಎಸೆದಳು. ಗುರು ತೋರಿಸಿದಂತೆ ತಂತಿ ಮುಚ್ಚಿದಳು, ಜಗ್ಗಿದಳು, ಸುತ್ತಿದಳು. ಮತ್ತೆ ಎಸೆದಳು. ಪ್ರತಿ ಸಲವೂ ಚಿದಂಬರ ಉಸಿರು ಬಿಗಿಹಿಡಿದ. ದಾರ ಪ್ರತಿ ಸಲವೂ ನೆಟ್ಟಗೆ ಹೋಯಿತು.

ಮೀನು ಒಂದೂ ಬೀಳಲಿಲ್ಲ. ಮಧ್ಯಾಹ್ನ ಸೋದರಮಾವನ ಫೋನ್ ಬಂತು.

“ಸಂಜೆ ಬಸ್ಸಿಗೆ ಬರ್ತೀನಿ, ಮಾವ,” ಎಂದು ಇಟ್ಟಳು.

ಚಿದಂಬರ ಗುರುವಿನ ಪಕ್ಕಕ್ಕೆ ಸರಿದು ಮೆಲ್ಲಗೆ ಹೇಳಿದ: “ದುಬಾರಿಯಾದರೂ ಒಂಬತ್ತರದ್ದೇ ಇಟ್ಟುಕೊಳ್ತೀನಿ, ಗುರುಗಳೇ. ಮುಂದಿನ ತಿಂಗಳು ಹೆದರಿಕೆ ಬೇಡ. ನಿಮ್ಮದರಲ್ಲಿ ಎಷ್ಟಿವೆ, ಹತ್ತಾ?”

“ಒಂದಿತ್ತು,” ಎಂದ ಗುರು. “ಐದು ವರ್ಷದ ಹಿಂದೆ ತುಕ್ಕು ಹಿಡಿದು ಪುಡಿಯಾಯ್ತು. ತೆಗೆದು ಬಿಸಾಕಿದೆ.”